ಫಿನ್ಷ್‌ಗೌ ಕಣಿವೆಯಲ್ಲಿ ಸೈಕಲ್ ಸುತ್ತು: ಪದೇ ಪದೇ ಕೇಳುವ ಪ್ರಶ್ನೆಗಳು

ಇಟಲಿ, ಆಸ್ಟ್ರಿಯಾ, ಸ್ವಿಟ್ಜರ್ಲೆಂಡ್ ಮೂರೂ ಕೂಡುವ ಮೂಲೆಯಲ್ಲಿ, ಇಟಲಿಯ ದಕ್ಷಿಣ ಟಿರೋಲ್ ಪ್ರಾಂತ್ಯದಲ್ಲಿ, ಫಿನ್ಷ್‌ಗೌ ಎಂಬ ಕಣಿವೆ ಇದೆ. ಇಟಾಲಿಯನ್‌ನಲ್ಲಿ ಇದಕ್ಕೆ ವಾಲ್ ವೆನೊಸ್ಟಾ ಅಂತಾರೆ. ಆಲ್ಪ್ಸ್‌ನಲ್ಲಿ ಸೈಕಲ್ ದಾರಿಗಳಿಗೆ ಬರವಿಲ್ಲ. ಆದರೆ ಇಷ್ಟು ಚಿಕ್ಕ ಸುತ್ತಿನಲ್ಲಿ ಇಷ್ಟೊಂದು ಹಳೆಯ ಜಾಗಗಳು ಸಿಗುವುದು ಅಪರೂಪ. ಬಹಳ ಜನ ಇದನ್ನು ಬರೀ ಇಳಿಜಾರಿನ ದಾರಿ ಅಂದುಕೊಂಡು ಅರ್ಧ ದಿನದಲ್ಲಿ ಓಡಿಸಿಕೊಂಡು ಹೋಗಿಬಿಡುತ್ತಾರೆ. ಹಾಗೆ ಮಾಡಬೇಡಿ ಅಂತ ಹೇಳುವುದಕ್ಕೇ ಈ ಪುಟ ಬರೆದಿದ್ದೇನೆ.

ಸುತ್ತು ಎಲ್ಲಿಂದ ಎಲ್ಲಿಗೆ? ಎಷ್ಟು ದೂರ?

ಮಾಲ್ಸ್ ಊರಿನಿಂದ ಹೊರಡಿ. ರೈಲು ಇಲ್ಲಿಯವರೆಗೆ ಬರುತ್ತದೆ. ಅಲ್ಲಿಂದ ಬುರ್ಗೈಸ್, ಆಮೇಲೆ ಸಾಂಕ್ಟ್ ವ್ಯಾಲೆಂಟೀನ್, ಅದರ ಮೇಲೆ ರೆಶೆನ್ ಕೆರೆ. ಕೆರೆಗೆ ಪೂರ್ತಿ ಒಂದು ಸುತ್ತು ಹಾಕಿ ಬುರ್ಗೈಸ್‌ಗೆ ಇಳಿಯಿರಿ. ಅಲ್ಲಿಂದ ಕೋಟೆ ಊರು ಗ್ಲುರ್ನ್ಸ್, ಪಕ್ಕದ ಶ್ಲುಡರ್ನ್ಸ್, ಮತ್ತೆ ಮಾಲ್ಸ್. ಎಲ್ಲ ಸೇರಿ ಸುಮಾರು 45 ಕಿ.ಮೀ. ಆಗುತ್ತದೆ. ಗ್ಲುರ್ನ್ಸ್‌ನಿಂದ ಸ್ವಿಟ್ಜರ್ಲೆಂಡ್ ಒಳಗಿನ ಮ್ಯೂಸ್ಟೈರ್‌ಗೆ ಹೋಗಿ ಬಂದರೆ ಇನ್ನೊಂದು 20 ಕಿ.ಮೀ. ಸೇರುತ್ತದೆ.

ಒಂದೇ ದಿನದಲ್ಲಿ ಮುಗಿಸಬಹುದಾ ಅಂದರೆ, ಮುಗಿಸಬಹುದು. ಆದರೆ ಎರಡು ದಿನ ಇಟ್ಟುಕೊಳ್ಳಿ ಅನ್ನೋದೇ ನನ್ನ ಸಲಹೆ. ಮೊದಲ ದಿನ ಕೆರೆ ಮತ್ತು ಬುರ್ಗೈಸ್ ಮೇಲಿನ ಮಠ. ಎರಡನೇ ದಿನ ಕೋಟೆ ಊರು, ಶ್ಲುಡರ್ನ್ಸ್ ಅರಮನೆ, ಮ್ಯೂಸ್ಟೈರ್. ಮಠ, ಅರಮನೆಗಳಿಗೆಲ್ಲ ಬಾಗಿಲು ತೆರೆಯುವ ಹೊತ್ತು ಅಂತ ಇರುತ್ತದೆ. ಓಡಿ ಹೋದರೆ ಮುಚ್ಚಿದ ಬಾಗಿಲು ನೋಡಿಕೊಂಡು ಬರಬೇಕಾಗುತ್ತದೆ.

ಹತ್ತುವುದು ಕಷ್ಟವೇ?

ಮಾಲ್ಸ್ ಸುಮಾರು 1,050 ಮೀಟರ್ ಎತ್ತರದಲ್ಲಿದೆ, ಕೆರೆ 1,500 ಮೀಟರ್ ಹತ್ತಿರ. ಅಂದರೆ 450 ಮೀಟರ್ ಹತ್ತಬೇಕು. ಬುರ್ಗೈಸ್ ದಾಟಿದ ಮೇಲೆ ಕೆಲವು ಕಡೆ ಚೆನ್ನಾಗಿಯೇ ಏರು ಇದೆ. ದಿನಾ ಸೈಕಲ್ ತುಳಿಯುವವರಿಗೆ ಇದು ತೊಂದರೆಯಲ್ಲ. ಅಭ್ಯಾಸ ಇಲ್ಲದವರು ಇ-ಬೈಕ್ ತಗೊಳ್ಳಿ. ಇಲ್ಲಿ ಅದನ್ನು ಯಾರೂ ಕಡಿಮೆಯಾಗಿ ನೋಡುವುದಿಲ್ಲ, ಎಪ್ಪತ್ತು ದಾಟಿದವರೂ ಇ-ಬೈಕ್‌ನಲ್ಲೇ ಮೇಲೆ ಬರುತ್ತಾರೆ. ಹತ್ತುವುದೇ ಬೇಡ ಅನ್ನುವವರಿಗೆ ಸೈಕಲ್ ಸಮೇತ ಮೇಲೆ ಬಿಡುವ ವಾಹನಗಳೂ ಇವೆ. ಆ ಋತುವಿನ ವೇಳಾಪಟ್ಟಿಯನ್ನು ಮಾಲ್ಸ್‌ನ ಪ್ರವಾಸಿ ಕಚೇರಿಯಲ್ಲಿ ಕೇಳಿಕೊಳ್ಳಿ.

ಆದರೂ ಒಮ್ಮೆ ತುಳಿದುಕೊಂಡೇ ಹತ್ತಿ ಅನ್ನುತ್ತೇನೆ. ಹತ್ತುವಾಗ ನಿಧಾನ ಇರುತ್ತೀರಿ, ನಡುನಡುವೆ ನಿಂತು ಹಿಂದೆ ತಿರುಗುತ್ತೀರಿ. ಆಗ ದಕ್ಷಿಣಕ್ಕೆ ಓರ್ಟ್ಲರ್ ಬೆಟ್ಟ ಮೈತುಂಬ ಹಿಮ ಹೊತ್ತು ಕಾಣುತ್ತದೆ. 3,905 ಮೀಟರ್ ಎತ್ತರದ ಇದೇ ಈ ಪ್ರಾಂತ್ಯದ ಅತಿ ದೊಡ್ಡ ಶಿಖರ. ಇಳಿಯುವಾಗ ಕಣ್ಣೆಲ್ಲ ದಾರಿ ಮೇಲೆ, ಕೈ ಬ್ರೇಕ್ ಮೇಲೆ ಇರುತ್ತದೆ ಅಲ್ವಾ?

ಬೆಳಿಗ್ಗೆ ಎಷ್ಟು ಹೊತ್ತಿಗೆ ಹೊರಡಬೇಕು?

ಎಂಟು ಗಂಟೆಗೆ. ಕಾರಣ ಗಾಳಿ. ರೆಶೆನ್ ಕಣಿವೆಬಾಯಿಂದ ಕೆಳಕ್ಕೆ ಬೀಸುವ ಗಾಳಿ ಇಲ್ಲಿ ಹೆಸರುವಾಸಿ. ಕೆರೆ ಮೇಲೆ ಗಾಳಿಪಟ ಕಟ್ಟಿಕೊಂಡು ನೀರಲ್ಲಿ ಜಾರುವವರು ದೂರದಿಂದ ಬರುವುದು ಇಲ್ಲಿನ ಗಾಳಿಗಾಗಿ. ಬೆಳಿಗ್ಗೆ ಬೇಗ ಹತ್ತಿಬಿಟ್ಟರೆ, ಮಧ್ಯಾಹ್ನ ಇಳಿಯುವಾಗ ಅದೇ ಗಾಳಿ ಬೆನ್ನಿಗೆ ಬರುತ್ತದೆ.

ನೀರಿನ ನಡುವೆ ನಿಂತಿರುವ ಗೋಪುರದ ಕಥೆ ಏನು?

ಫೋಟೋ ನೋಡಿಯೇ ಬಹಳ ಜನ ಈ ಕಣಿವೆಗೆ ಬರುತ್ತಾರೆ. ನೀಲಿ ನೀರು, ಅದರ ನಡುವೆ ಒಂಟಿ ಚರ್ಚ್ ಗೋಪುರ, ಹಿಂದೆ ಬೆಟ್ಟ. ಗೋಪುರ 14ನೇ ಶತಮಾನದ್ದು. ಅದರ ಸುತ್ತ ಗ್ರೌನ್ ಅನ್ನುವ ಊರಿತ್ತು.

ಮೊದಲು ಇಲ್ಲಿ ಇದ್ದವು ಸಹಜವಾದ ಕೆರೆಗಳು. ವಿದ್ಯುತ್ತಿಗಾಗಿ ಅಣೆಕಟ್ಟು ಕಟ್ಟಿ ನೀರಿನ ಮಟ್ಟ ಏರಿಸುವ ಯೋಜನೆ ಹಳೆಯದೇ. ಮೊದಲು 5 ಮೀಟರ್ ಅಂದಿದ್ದರು. 1939ರ ಹೊತ್ತಿಗೆ ಅದು 22 ಮೀಟರ್ ಆಯಿತು. 5 ಮೀಟರ್‌ಗೂ 22 ಮೀಟರ್‌ಗೂ ಇರುವ ವ್ಯತ್ಯಾಸ ಅಂದರೆ ಒಂದು ಇಡೀ ಊರು. ಪ್ರಕಟಣೆ ಅಂಟಿಸಿದ್ದು ಇಟಾಲಿಯನ್‌ನಲ್ಲಿ, ಊರಿನವರ ಮಾತು ಜರ್ಮನ್. ಯುದ್ಧದಿಂದ ಕೆಲಸ ನಿಂತಿತು, ಯುದ್ಧ ಮುಗಿದ ಮೇಲೆ ಮತ್ತೆ ಶುರುವಾಯಿತು. ಊರಿನ ಪಾದ್ರಿ ಆಲ್ಫ್ರೆಡ್ ರೀಪರ್ ರೋಮ್‌ವರೆಗೆ ಹೋಗಿ ಪೋಪ್ 12ನೇ ಪಯಸ್ ಅವರನ್ನು ಕಂಡು ಬೇಡಿಕೊಂಡರು. ಅಣೆಕಟ್ಟು ನಿಲ್ಲಲಿಲ್ಲ. 1950ರ ಬೇಸಿಗೆಯಲ್ಲಿ ಗ್ರೌನ್ ಊರು ಪೂರ್ತಿ, ರೆಶೆನ್ ಊರಿನ ಒಂದು ಭಾಗ ನೀರಿಗೆ ಹೋಯಿತು. 163 ಮನೆ, 523 ಹೆಕ್ಟೇರ್ ಹೊಲ ಹುಲ್ಲುಗಾವಲು. ಕೆಲವರು ಮೇಲೆ ಕಟ್ಟಿದ ಹೊಸ ಗ್ರೌನ್‌ನಲ್ಲಿ ಉಳಿದರು. ದನ ಮೇಯಿಸಲು ನೆಲವೇ ಇಲ್ಲದ ಮೇಲೆ ಉಳಿದವರು ಏನು ಮಾಡುತ್ತಾರೆ? ಕಣಿವೆ ಬಿಟ್ಟು ಹೋದರು.

ಚರ್ಚಿನ ಗಂಟೆಗಳನ್ನು ಮೊದಲೇ ಇಳಿಸಿದ್ದರು. ಚರ್ಚನ್ನು ಕೆಡವಿದರು. ಪ್ರಾಚೀನ ಕಟ್ಟಡ ಅನ್ನುವ ಕಾರಣಕ್ಕೆ ಗೋಪುರ ಮಾತ್ರ ಉಳಿಯಿತು. ಚಳಿಗಾಲದಲ್ಲಿ ನೀರೊಳಗಿಂದ ಗಂಟೆ ಸದ್ದು ಕೇಳುತ್ತದೆ ಅಂತ ಕಥೆ ಇದೆ. 2021ರಲ್ಲಿ ದುರಸ್ತಿಗಾಗಿ ಕೆರೆ ನೀರು ಇಳಿಸಿದಾಗ ಹಳೆ ಮನೆಗಳ ಗೋಡೆ, ಮೆಟ್ಟಿಲು ಹೊರಗೆ ಕಂಡವು.

ನಮ್ಮವರಿಗೆ ಇದನ್ನು ನೋಡಿದ ತಕ್ಷಣ ಹಾಸನದ ಶೆಟ್ಟಿಹಳ್ಳಿ ಚರ್ಚ್ ನೆನಪಾಗುತ್ತದೆ. ಹೇಮಾವತಿಯ ಹಿನ್ನೀರು ಇಳಿದಾಗ ಅದರೊಳಗೆ ನಡೆದಾಡಬಹುದು. ಇಲ್ಲಿ ಬೇಸಿಗೆಯಲ್ಲಿ ದಡದಿಂದಲೇ ನೋಡಬೇಕು. ಗೋಪುರದ ಎದುರಿಗೆ ವಾಹನ ನಿಲ್ಲಿಸುವ ಜಾಗ ಇದೆ. ಜನ ಇಳಿಯುತ್ತಾರೆ, ಫೋಟೋ ತೆಗೆಯುತ್ತಾರೆ, ಹೊರಡುತ್ತಾರೆ. ನೀವು ಹೊಸ ಗ್ರೌನ್ ಊರಿನೊಳಗೂ ಒಂದು ಸಲ ಹೋಗಿ ಬನ್ನಿ. ಮುಳುಗಿದ ಊರಿನ ಮಕ್ಕಳು, ಮೊಮ್ಮಕ್ಕಳು ಅಲ್ಲಿದ್ದಾರೆ.

ಕೆರೆಯ ಯಾವ ದಡದಲ್ಲಿ ಹೋಗುವುದು ಒಳ್ಳೆಯದು?

ಪೂರ್ವ ದಡದಲ್ಲಿ ಹೆದ್ದಾರಿ ಇದೆ, ಗೋಪುರವೂ ಅದೇ ಕಡೆ. ಪಶ್ಚಿಮ ದಡದಲ್ಲಿ ಗದ್ದಲವಿಲ್ಲ, ಕಾಡು, ಸಣ್ಣ ಸಣ್ಣ ಏರಿಳಿತ. ಸುತ್ತು ಸುಮಾರು 15 ಕಿ.ಮೀ. ಮೇಲೆ ಹೋಗುವಾಗ ಪಶ್ಚಿಮ, ಬರುವಾಗ ಪೂರ್ವ. ಹಾಗೆ ಮಾಡಿದರೆ ಮೊದಲು ನೀರಿನಾಚೆಯಿಂದ ಗೋಪುರ ಚಿಕ್ಕದಾಗಿ ಕಾಣುತ್ತದೆ, ಆಮೇಲೆ ಹತ್ತಿರ ಬರುತ್ತೀರಿ.

ದಾರಿಯಲ್ಲಿ ಕಾಂಕ್ರೀಟ್ ಬಂಕರ್‌ಗಳು ಕಾಣುತ್ತವೆ. ಅವು ಯಾವ ಯುದ್ಧದವು?

ಎರಡನೇ ಮಹಾಯುದ್ಧದ ಕಾಲದವು. ಆದರೆ ಇಲ್ಲಿ ಒಂದು ವಿಚಿತ್ರ ಇದೆ. ಮುಸೊಲಿನಿ ಇವನ್ನು ಕಟ್ಟಿಸಿದ್ದು ಜರ್ಮನಿಯ ಗಡಿಗೆ. ಹಿಟ್ಲರ್ 1938ರಲ್ಲಿ ಆಸ್ಟ್ರಿಯಾವನ್ನು ಸೇರಿಸಿಕೊಂಡ ಮೇಲೆ ಆ ಗಡಿ ಇಲ್ಲಿಗೆ ಬಂತು. ಹೊರಗೆ ಸ್ನೇಹ, ಒಳಗೆ ಬಂಕರ್. ಇಟಲಿಯ ಜನ ಇದಕ್ಕೆ ‘ನನಗೆ ನಂಬಿಕೆ ಇಲ್ಲ’ ರೇಖೆ ಅಂತಲೇ ಹೆಸರಿಟ್ಟಿದ್ದರು. ರೆಶೆನ್ ಊರಿನ ಮೇಲುಗಡೆ ಆದಿಜೆ ನದಿಯ ಮೂಲ ಇದೆ, ಹತ್ತಿರದಲ್ಲೇ ಒಂದು ಬಂಕರ್ ಕೂಡ. 410 ಕಿ.ಮೀ. ಹರಿದು ಏಡ್ರಿಯಾಟಿಕ್ ಸಮುದ್ರ ಸೇರುವ ಈ ನದಿ ಇಟಲಿಯಲ್ಲಿ ಉದ್ದದಲ್ಲಿ ಎರಡನೆಯದು. ಇಲ್ಲಿ ಸಣ್ಣ ತೊರೆ ಅಷ್ಟೇ.

ಇದು ರೋಮನ್ನರ ದಾರಿ ಅನ್ನುತ್ತಾರೆ, ನಿಜವೇ?

ನಿಜ. ವಿಯಾ ಕ್ಲಾಡಿಯಾ ಅಗಸ್ಟಾ ಎಂಬ ರಸ್ತೆ ಇದೇ ರೆಶೆನ್ ಕಣಿವೆಬಾಯಿಯಿಂದ ಆಲ್ಪ್ಸ್ ದಾಟುತ್ತಿತ್ತು. ಅದು ಪೂರ್ತಿಯಾಗಿದ್ದು ಕ್ರಿ.ಶ. 46–47ರಲ್ಲಿ, ಚಕ್ರವರ್ತಿ ಕ್ಲಾಡಿಯಸ್ ಕಾಲದಲ್ಲಿ. ಸೈಕಲ್ ದಾರಿಯ ಫಲಕಗಳಲ್ಲಿ ಇವತ್ತಿಗೂ ಆ ಹೆಸರು ಕಾಣುತ್ತದೆ. ನೀವು ತುಳಿಯುವ ಡಾಂಬರು ಮಾತ್ರ ಹೊಸದು.

ಬೆಟ್ಟದ ಮೇಲಿನ ಬಿಳಿ ಮಠಕ್ಕೆ ಹೋಗಲೇಬೇಕಾ?

ಹೋಗಲೇಬೇಕು. ಅದು ಮಾರಿಯನ್‌ಬರ್ಗ್. 12ನೇ ಶತಮಾನದ ಬೆನೆಡಿಕ್ಟೀನ್ ಮಠ, ಅಂದರೆ ಸಂತ ಬೆನೆಡಿಕ್ಟ್ ಹಾಕಿಕೊಟ್ಟ ನಿಯಮ ಪಾಲಿಸುವ ಕ್ರೈಸ್ತ ಸನ್ಯಾಸಿಗಳದ್ದು. ಎತ್ತರ 1,340 ಮೀಟರ್. ಯೂರೋಪಿನ ಬೆನೆಡಿಕ್ಟೀನ್ ಮಠಗಳಲ್ಲಿ ಇದೇ ಅತಿ ಎತ್ತರದ್ದು. ಸನ್ಯಾಸಿಗಳು ಈಗಲೂ ಇಲ್ಲಿ ವಾಸ ಇದ್ದಾರೆ.

ಇಲ್ಲಿನ ನಿಜವಾದ ಸಂಪತ್ತು ನೆಲಮಾಳಿಗೆಯ ಪ್ರಾರ್ಥನಾ ಕೋಣೆ. ಅದರ ಗೋಡೆ, ಕಮಾನುಗಳ ಮೇಲೆ ಸುಮಾರು 1180ರ ಹೊತ್ತಿನ ಚಿತ್ರಗಳಿವೆ. 17ನೇ ಶತಮಾನದಲ್ಲಿ ಆ ಕೋಣೆಯನ್ನು ಸನ್ಯಾಸಿಗಳ ಸಮಾಧಿ ಜಾಗ ಮಾಡಿ ಒಳಗೆ ಗೋರಿಗಳನ್ನು ಕಟ್ಟಿದರು. ಚಿತ್ರಗಳು ಅದರ ಹಿಂದೆ ಮರೆಯಾದವು. 1980ರಲ್ಲಿ ಗೋರಿಗಳನ್ನು ತೆಗೆದಾಗ ಬಣ್ಣ ಇನ್ನೂ ಹೊಸದರ ಹಾಗೇ ಇತ್ತು. ಬೆಳಕು, ಧೂಳು, ಜನರ ಉಸಿರು ತಾಗದೇ ಇದ್ದದ್ದೇ ಅವನ್ನು ಕಾಪಾಡಿದ್ದು. ಹಾಗಾಗಿ ಈಗಲೂ ಆ ಕೋಣೆಯನ್ನು ಎಲ್ಲ ಹೊತ್ತಲ್ಲೂ ತೆರೆಯುವುದಿಲ್ಲ. ಯಾವಾಗ ಒಳಗೆ ಬಿಡುತ್ತಾರೆ ಅಂತ ಮೊದಲೇ ಕೇಳಿಕೊಂಡು ಹೊರಡಿ. ಬೇರೆ ಹೊತ್ತಲ್ಲಿ ಹೋದರೆ ವಸ್ತುಸಂಗ್ರಹಾಲಯದಲ್ಲಿ ಅದರ ಚಲನಚಿತ್ರ ತೋರಿಸುತ್ತಾರೆ.

ಬುರ್ಗೈಸ್‌ನಿಂದ ಮಠಕ್ಕೆ ದಾರಿ ತುಂಬಾ ಕಡಿದು. ಸೈಕಲ್ ಊರಲ್ಲೇ ಬೀಗ ಹಾಕಿ ನಡೆದು ಹತ್ತಿ. ಊರಿನ ಕೆಳಗೆ ಕಾಣುವ ಇನ್ನೊಂದು ಕೋಟೆ ಫ್ಯೂರ್ಸ್ಟನ್‌ಬುರ್ಗ್. ಬಿಷಪ್ ಒಬ್ಬರು 13ನೇ ಶತಮಾನದಲ್ಲಿ ಕಟ್ಟಿಸಿದ್ದು, ಈಗ ಅಲ್ಲಿ ಕೃಷಿ ಶಾಲೆ ನಡೆಯುತ್ತಿದೆ.

ಮಾಲ್ಸ್ ಊರಲ್ಲಿ ನೋಡುವಂಥದ್ದು ಏನಿದೆ?

ಸಾಂಕ್ಟ್ ಬೆನೆಡಿಕ್ಟ್ ಅನ್ನುವ ಪುಟ್ಟ ಚರ್ಚ್. ಹೊರಗಿನಿಂದ ಸಾದಾ. ಒಳಗಿನ ಚಿತ್ರಗಳು ಕ್ರಿ.ಶ. 800ರ ಆಸುಪಾಸಿನವು. ಒಂದು ಗೋಡೆಯಲ್ಲಿ ಕತ್ತಿ ಹಿಡಿದು ನಿಂತ ಶ್ರೀಮಂತ, ಇನ್ನೊಂದು ಕಡೆ ಚರ್ಚಿನ ಮಾದರಿಯನ್ನು ಕೈಯಲ್ಲಿ ಹಿಡಿದ ಪಾದ್ರಿ. ಕಟ್ಟಿಸಿದವರ ಚಿತ್ರಗಳಿವು. ಸಾವಿರದ ಇನ್ನೂರು ವರ್ಷದ ಹಿಂದಿನ ಸಾಮಾನ್ಯ ದಾನಿಗಳ ಮುಖ ಎಷ್ಟು ಕಡೆ ನೋಡಲು ಸಿಗುತ್ತದೆ ಹೇಳಿ!

ಇದೇ ಮಾಲ್ಸ್ 2014ರಲ್ಲಿ ಬೇರೆ ಕಾರಣಕ್ಕೂ ಸುದ್ದಿಯಾಗಿತ್ತು. ಕೆಳಗಿನ ಕಣಿವೆಯಿಂದ ಸೇಬಿನ ತೋಟಗಳು ಮೇಲೆ ಮೇಲೆ ಬರುತ್ತಿದ್ದವು, ಜೊತೆಗೆ ಅವಕ್ಕೆ ಹೊಡೆಯುವ ವಿಷವೂ. ಊರಿನವರು ಜನಮತ ನಡೆಸಿ, ಕೀಟನಾಶಕ ಬೇಡ ಅಂತ ನಾಲ್ಕರಲ್ಲಿ ಮೂರು ಪಾಲು ಮತ ಹಾಕಿದರು. ಆಮೇಲೆ ವಿಷಯ ಕೋರ್ಟಿಗೆ ಹೋಯಿತು, ನಿಷೇಧ ಅಲ್ಲಿ ಉಳಿಯಲಿಲ್ಲ. ಆದರೂ ಮೇಲಿನ ಹೊಲಗಳಲ್ಲಿ ಇನ್ನೂ ಧಾನ್ಯ, ಹುಲ್ಲು ಕಾಣುತ್ತದೆ. ಕೆಳಗೆ ಹೋದಂತೆ ಸಾಲು ಸಾಲು ಸೇಬು. ಸೈಕಲ್ ಮೇಲೆ ಈ ಬದಲಾವಣೆ ಕಣ್ಣಿಗೆ ಹೊಡೆಯುತ್ತದೆ.

ಗ್ಲುರ್ನ್ಸ್‌ಗೆ ಎಷ್ಟು ಹೊತ್ತು ಕೊಡಬೇಕು?

ಊರು ಸುತ್ತಲು ಅರ್ಧ ಗಂಟೆ ಸಾಕು, ಆದರೆ ಎರಡು ಗಂಟೆ ಕೊಡಿ. ಸುಮಾರು 900 ಜನರ ಊರು. ಸುತ್ತ ಕೋಟೆ ಗೋಡೆ ಪೂರ್ತಿಯಾಗಿ ಉಳಿದಿದೆ, ಮೂರು ಬಾಗಿಲುಗಳೂ ಇವೆ. 1499ರ ಮೇ 22ರಂದು ಇಲ್ಲೇ ಹತ್ತಿರದ ಕಾಲ್ವೆನ್‌ನಲ್ಲಿ ಆಸ್ಟ್ರಿಯಾ ಆಳುತ್ತಿದ್ದ ಹ್ಯಾಬ್ಸ್‌ಬರ್ಗ್ ಮನೆತನದ ಸೈನ್ಯವನ್ನು ಈಗಿನ ಸ್ವಿಟ್ಜರ್ಲೆಂಡ್ ಕಡೆಯ ಮೂರು ಒಕ್ಕೂಟಗಳ ಪಡೆ ಸೋಲಿಸಿತು. ಗೆದ್ದವರು ಗ್ಲುರ್ನ್ಸ್ ಊರನ್ನು ಸುಟ್ಟುಹಾಕಿದರು. ಅದೇ ಹ್ಯಾಬ್ಸ್‌ಬರ್ಗ್ ಮನೆತನದ ಚಕ್ರವರ್ತಿ ಮ್ಯಾಕ್ಸಿಮಿಲಿಯನ್ ಮತ್ತೆ ಗಟ್ಟಿಯಾಗಿ ಕಟ್ಟಿ ಅಂದ. ಗೋಡೆ ಮುಗಿಯುವಷ್ಟರಲ್ಲಿ 16ನೇ ಶತಮಾನವೇ ಮುಗಿಯುತ್ತಾ ಬಂದಿತ್ತು. ಅಷ್ಟರಲ್ಲಿ ಯುದ್ಧದ ರೀತಿ ಬದಲಾಗಿತ್ತು, ವ್ಯಾಪಾರವೂ ಬೇರೆ ದಾರಿ ಹಿಡಿದಿತ್ತು. ಊರು ಬೆಳೆಯಲಿಲ್ಲ, ಹಾಗಾಗಿ ಗೋಡೆಯನ್ನು ಕೆಡವುವ ಅಗತ್ಯವೂ ಬರಲಿಲ್ಲ.

ಇನ್ನೊಂದು ಸಂಗತಿ ಹೇಳದೆ ಇರಲಾರೆ. 1519ರಲ್ಲಿ ಪಕ್ಕದ ಸ್ಟಿಲ್ಫ್ಸ್ ಊರಿನ ರೈತರು ಹೊಲ ಹಾಳುಮಾಡುವ ಇಲಿಗಳ ಮೇಲೆ ಗ್ಲುರ್ನ್ಸ್ ನ್ಯಾಯಾಲಯದಲ್ಲಿ ದೂರು ಕೊಟ್ಟರು. ಇಲಿಗಳ ಪರವಾಗಿಯೂ ಒಬ್ಬ ವಕೀಲ ವಾದ ಮಾಡಿದ. ಕೊನೆಗೆ ತೀರ್ಪು ಬಂತು: ಇಲಿಗಳು ಹೊಲ ಬಿಟ್ಟು ಹೋಗಬೇಕು, ಬಸುರಿ ಇಲಿಗಳಿಗೂ ಮರಿಗಳಿಗೂ ಇನ್ನೂ 14 ದಿನ ಕಾಲಾವಕಾಶ, ದಾರಿಯಲ್ಲಿ ರಕ್ಷಣೆ. ಆ ಕಾಲದ ಜನರಿಗೆ ಇದು ತಮಾಷೆಯಾಗಿರಲಿಲ್ಲ. ದೇವರ ಸೃಷ್ಟಿಗೂ ನ್ಯಾಯ ಸಿಗಬೇಕು ಅನ್ನುವ ನಂಬಿಕೆ ಅದು.

ಶ್ಲುಡರ್ನ್ಸ್ ಅರಮನೆ ನೋಡಬೇಕಾ? ಟಿಕೆಟ್ ದುಡ್ಡಿಗೆ ಮೋಸ ಇಲ್ಲವೇ?

ಮೋಸವಿಲ್ಲ. ಕೂರ್‌ಬುರ್ಗ್ ಅಂತ ಅದರ ಹೆಸರು. 13ನೇ ಶತಮಾನದ ಕೋಟೆ. 16ನೇ ಶತಮಾನದಿಂದ ಟ್ರಾಪ್ ಮನೆತನದ ಕೈಯಲ್ಲೇ ಇದೆ. ಇಲ್ಲಿನ ಆಯುಧ ಶಾಲೆಯಲ್ಲಿ ಸಾಲಾಗಿ ನಿಂತಿರುವ ಉಕ್ಕಿನ ಕವಚಗಳನ್ನು ಎಲ್ಲಿಂದಲೋ ಕೊಂಡು ತಂದದ್ದಲ್ಲ. ಈ ಮನೆಯವರಿಗೇ ಅಳತೆ ತೆಗೆದು ಮಾಡಿಸಿದ್ದು, ಅದೇ ಮನೆಯಲ್ಲಿ ಉಳಿದದ್ದು. ಒಳಗೆ ಮಾರ್ಗದರ್ಶಿ ಜೊತೆಗೇ ಹೋಗಬೇಕು. ಚಳಿಗಾಲದಲ್ಲಿ ಮುಚ್ಚಿರುತ್ತದೆ, ಬೇಸಿಗೆಯಲ್ಲೂ ಸೋಮವಾರ ರಜೆ. ಮಾಳಿಗೆಯ ಕಮಾನುಗಳ ಮೇಲೆ ಮರದ ಬಳ್ಳಿಯಂತೆ ಬರೆದ ವಂಶವೃಕ್ಷ ಇದೆ. ಅದನ್ನು ತಲೆ ಎತ್ತಿ ನಿಧಾನವಾಗಿ ನೋಡಿ.

ಮ್ಯೂಸ್ಟೈರ್‌ಗೆ ಹೋಗಲು ಬೇರೆ ವೀಸಾ ಬೇಕಾ?

ಬೇಡ. ಸ್ವಿಟ್ಜರ್ಲೆಂಡ್ ಕೂಡ ಷೆಂಗೆನ್ ವೀಸಾದಲ್ಲೇ ಬರುತ್ತದೆ. ಆದರೆ ಪಾಸ್‌ಪೋರ್ಟ್ ಜೇಬಲ್ಲಿರಲಿ, ತಪಾಸಣೆ ಆಗಬಹುದು. ಎರಡು ವಿಷಯ ನೆನಪಿಡಿ. ಅಲ್ಲಿ ಫ್ರಾಂಕ್ ಚಲಾವಣೆ. ಯೂರೋಪಿಯನ್ ಒಕ್ಕೂಟದ ಸಿಮ್ ಕಾರ್ಡ್ ಎಲ್ಲವೂ ಸ್ವಿಟ್ಜರ್ಲೆಂಡ್‌ನಲ್ಲಿ ಅದೇ ದರಕ್ಕೆ ನಡೆಯುವುದಿಲ್ಲ, ಗಡಿ ದಾಟುವ ಮೊದಲು ಡೇಟಾ ಆಫ್ ಮಾಡಿಕೊಳ್ಳಿ.

ಅಲ್ಲಿನ ಸೇಂಟ್ ಜಾನ್ ಕನ್ಯಾಮಠ ಕ್ರಿ.ಶ. 775ರ ಸುಮಾರಿನದು. 1983ರಿಂದ ಯುನೆಸ್ಕೋ ಪಟ್ಟಿಯಲ್ಲಿದೆ. ಫ್ರಾಂಕರ ದೊರೆ ಶಾರ್ಲಮೇನ್ ಹಿಮಬಿರುಗಾಳಿಯಿಂದ ಪಾರಾದ ಹರಕೆಗೆ ಕಟ್ಟಿಸಿದ ಅಂತ ಕಥೆ. ಚರ್ಚಿನ ಒಳಗೋಡೆಗಳ ತುಂಬ ಆ ಕಾಲದ ಚಿತ್ರಗಳು. ಶತಮಾನಗಳ ಕಾಲ ಬೇರೆ ಬಣ್ಣದ ಕೆಳಗೆ ಮುಚ್ಚಿಹೋಗಿದ್ದವು. 1947ರಿಂದ 1951ರವರೆಗೆ ಅವನ್ನು ಬಿಡಿಸಿ ತೆಗೆದರು. ಅವುಗಳ ಮೇಲೆ ಸುಮಾರು 1200ರಲ್ಲಿ ಬರೆದ ಇನ್ನೊಂದು ಪದರವೂ ಅಲ್ಲಲ್ಲಿ ಉಳಿದಿದೆ. ಅದರಲ್ಲಿ ಬೈಬಲ್ ಕಥೆಯ ದೊರೆ ಹೆರೋದನ ಔತಣದಲ್ಲಿ ಕುಣಿಯುವ ಸಲೋಮೆಯನ್ನು ಹುಡುಕಿ ನೋಡಿ. ಇಡೀ ಸುತ್ತಿನಲ್ಲಿ ಒಂದೇ ಒಂದು ಕಟ್ಟಡ ನೋಡಲು ಸಮಯ ಇದೆ ಅಂದರೆ ನಾನು ಇದನ್ನೇ ಹೇಳುತ್ತೇನೆ, ಗೋಪುರವನ್ನಲ್ಲ.

ಗ್ಲುರ್ನ್ಸ್‌ನಿಂದ ಇಲ್ಲಿಗೆ 340 ಮೀಟರ್ ಏರು. ದಾರಿಯಲ್ಲಿ ಟೌಫರ್ಸ್ ಊರಿನ ಹಳೆ ಸೇಂಟ್ ಜಾನ್ ಚರ್ಚಿನ ಹತ್ತಿರ ದಣಿವಾರಿಸಿಕೊಳ್ಳಿ.

ಅಲ್ಲಿನ ಜನ ಯಾವ ಭಾಷೆ ಮಾತಾಡುತ್ತಾರೆ?

ಫಿನ್ಷ್‌ಗೌ ಕಡೆ ಜರ್ಮನ್. ಈ ಪ್ರಾಂತ್ಯ ಮೊದಲ ಮಹಾಯುದ್ಧದವರೆಗೆ ಆಸ್ಟ್ರಿಯಾಕ್ಕೆ ಸೇರಿತ್ತು. 1919ರ ಒಪ್ಪಂದದಲ್ಲಿ ಇಟಲಿಗೆ ಹೋಯಿತು. ಫ್ಯಾಸಿಸ್ಟರ ಕಾಲದಲ್ಲಿ ಶಾಲೆಗಳಲ್ಲಿ ಜರ್ಮನ್ ನಿಲ್ಲಿಸಿದ್ದರು, ಊರ ಹೆಸರುಗಳನ್ನೂ ಬದಲಿಸಿದ್ದರು. ಈಗ ಎರಡು ಭಾಷೆಯಲ್ಲೂ ಫಲಕ ಇರುತ್ತದೆ. ಗ್ಲುರ್ನ್ಸ್ ಮತ್ತು ಗ್ಲೊರೆಂಜಾ ಒಂದೇ ಊರು ಅಂತ ತಿಳಿದುಕೊಂಡು ಹೊರಡಿ. ಮ್ಯೂಸ್ಟೈರ್‌ನಲ್ಲಿ ರೊಮಾನ್ಶ್ ಮಾತು. ಅಲ್ಲಿ ‘ಅಲ್ಲೇಗ್ರಾ’ ಅಂತ ನಮಸ್ಕಾರ ಹೇಳಿ, ಖುಷಿಪಡುತ್ತಾರೆ.

ಯಾವ ತಿಂಗಳು ಒಳ್ಳೆಯದು?

ಮೇ ಕೊನೆಯಿಂದ ಅಕ್ಟೋಬರ್ ಮೊದಲವರೆಗೆ. ನನಗೆ ಸೆಪ್ಟೆಂಬರ್ ಇಷ್ಟ. ಆಗಸ್ಟ್‌ನ ಜನಜಂಗುಳಿ ಇಳಿದಿರುತ್ತದೆ, ಸೇಬು ಕೀಳುವ ಕೆಲಸ ಶುರುವಾಗಿರುತ್ತದೆ, ಗ್ಲುರ್ನ್ಸ್‌ನಲ್ಲಿ ಪಾಲಾಬಿರ್ನೆ ಅನ್ನುವ ಸ್ಥಳೀಯ ಪೇರ್ ಹಣ್ಣು ಸಿಗುತ್ತದೆ. ಆಲ್ಪ್ಸ್‌ನ ತೀರಾ ಒಣ ಕಣಿವೆಗಳಲ್ಲಿ ಇದೂ ಒಂದು, ಮಳೆಯ ಕಾಟ ಕಡಿಮೆ. ಆದರೆ ಕೆರೆ ಹತ್ತಿರ ಬೇಸಿಗೆಯಲ್ಲೂ ಚಳಿ ಗಾಳಿ ಇರುತ್ತದೆ. ಒಂದು ಜಾಕೆಟ್ ಬೇಕೇ ಬೇಕು.

ಹೋಗುವುದು ಹೇಗೆ? ಸೈಕಲ್ ಎಲ್ಲಿ ಸಿಗುತ್ತದೆ?

ಬೊಲ್ಜಾನೊ, ಮೆರಾನೊ ಮೂಲಕ ಬಂದರೆ ಮೆರಾನೊದಿಂದ ಮಾಲ್ಸ್‌ಗೆ 60 ಕಿ.ಮೀ. ರೈಲು. 1906ರ ಈ ಹಳಿಯನ್ನು 1990ರ ಸುಮಾರಿಗೆ ಮುಚ್ಚಿದ್ದರು. 2005ರಲ್ಲಿ ಪ್ರಾಂತ್ಯದ ಸರ್ಕಾರ ಮತ್ತೆ ಓಡಿಸಿತು. ವಿದ್ಯುತ್ತೀಕರಣದ ಕೆಲಸದಿಂದಾಗಿ ಕೆಲವೊಮ್ಮೆ ರೈಲಿನ ಬದಲು ಬಸ್ ಬಿಡುತ್ತಾರೆ, ಹೊರಡುವ ಮೊದಲು ವೇಳಾಪಟ್ಟಿ ನೋಡಿ. ಜ್ಯೂರಿಕ್ ಕಡೆಯವರು ಜೆರ್ನೆಟ್ಸ್‌ವರೆಗೆ ರೈಲಲ್ಲಿ ಬಂದು, ಅಲ್ಲಿಂದ ಹಳದಿ ಅಂಚೆ ಬಸ್‌ನಲ್ಲಿ ಮ್ಯೂಸ್ಟೈರ್ ದಾಟಿ ಮಾಲ್ಸ್‌ಗೆ ಬರಬಹುದು. ಮ್ಯೂನಿಕ್ ಕಡೆಯವರಿಗೆ ಆಸ್ಟ್ರಿಯಾದ ಲ್ಯಾಂಡೆಕ್ ದಾರಿ.

ರೈಲು ನಿಲ್ದಾಣದ ಬಳಿಯೇ ಬಾಡಿಗೆ ಸೈಕಲ್ ಸಿಗುತ್ತದೆ. ಒಂದು ನಿಲ್ದಾಣದಲ್ಲಿ ತಗೊಂಡು ಇನ್ನೊಂದರಲ್ಲಿ ಬಿಡಬಹುದು. ಸ್ವಂತ ಸೈಕಲ್ ರೈಲಲ್ಲಿ ತರುವುದಾದರೆ ಅದಕ್ಕೆ ಬೇರೆ ಟಿಕೆಟ್ ಬೇಕು, ಜಾಗವೂ ಕಡಿಮೆ. ಬೇಸಿಗೆಯಲ್ಲಿ ಬಾಡಿಗೆಯದೇ ಸುಲಭ.

ಸಸ್ಯಾಹಾರಿಗಳಿಗೆ ಊಟ ಸಿಗುತ್ತದಾ?

ಧಾರಾಳವಾಗಿ. ಶ್ಲುಟ್ಸ್‌ಕ್ರಾಪ್ಫೆನ್ ಕೇಳಿ. ಪಾಲಕ್ ಮತ್ತು ಮೆದು ಚೀಸ್ ತುಂಬಿದ ಅರ್ಧಚಂದ್ರದ ಕಡುಬು, ಮೇಲೆ ಬೆಣ್ಣೆ. ಕ್ನೋಡೆಲ್ ಎಂಬ ಬ್ರೆಡ್ ಉಂಡೆಗಳಲ್ಲಿ ಪಾಲಕ್, ಚೀಸ್ ಹಾಕಿದ್ದು ಸಿಗುತ್ತದೆ. ಆದರೆ ಸ್ಪೆಕ್ ಅಂದರೆ ಹಂದಿ ಮಾಂಸ, ಮತ್ತು ಸಾರಿನಲ್ಲಿ ಹಾಕಿ ಕೊಡುವ ಉಂಡೆಗಳ ಸಾರು ಸಾಮಾನ್ಯವಾಗಿ ಮಾಂಸದ್ದು. ಮೊದಲೇ ಕೇಳಿ. ಮೊಟ್ಟೆ ತಿನ್ನದವರು ಅದನ್ನೂ ಕೇಳಬೇಕು. ಬೇಕರಿಯಲ್ಲಿ ಪಾರ್ಲ್ ಅನ್ನುವ ಜೋಡಿ ರೈ ರೊಟ್ಟಿ ಕೊಂಡು ಚೀಲದಲ್ಲಿಟ್ಟುಕೊಳ್ಳಿ, ಎರಡು ದಿನಕ್ಕೂ ಬರುತ್ತದೆ. ಮಧ್ಯಾಹ್ನ ಎರಡರ ಮೇಲೆ ಬಹಳ ಕಡೆ ಅಡುಗೆಮನೆ ಮುಚ್ಚುತ್ತದೆ, ಊಟ ತಡ ಮಾಡಬೇಡಿ. ಊರೂರಲ್ಲಿ ಕಲ್ಲಿನ ತೊಟ್ಟಿಗೆ ಬೀಳುವ ನೀರು ಇದೆ. ಕುಡಿಯುವ ನೀರಲ್ಲ ಅನ್ನುವ ಫಲಕ ಇಲ್ಲದಿದ್ದರೆ ಬಾಟಲಿ ತುಂಬಿಕೊಳ್ಳಿ.

ಮಕ್ಕಳನ್ನು ಕರೆದುಕೊಂಡು ಹೋಗಬಹುದಾ?

ಕೆರೆ ಸುತ್ತು ಮತ್ತು ಗ್ಲುರ್ನ್ಸ್–ಶ್ಲುಡರ್ನ್ಸ್ ಭಾಗ ಮಕ್ಕಳಿಗೆ ಚೆನ್ನ. ಸಾಂಕ್ಟ್ ವ್ಯಾಲೆಂಟೀನ್‌ನಿಂದ ಬುರ್ಗೈಸ್‌ಗೆ ಇಳಿಯುವ ಭಾಗ ಕಡಿದು, ತಿರುವುಗಳೂ ಇವೆ. ಬ್ರೇಕ್ ಮೇಲೆ ಹಿಡಿತ ಇಲ್ಲದ ಮಗುವನ್ನು ಅಲ್ಲಿ ಒಂಟಿಯಾಗಿ ಬಿಡಬೇಡಿ.

ಪಾಲಿಸಬೇಕಾದ ನಿಯಮಗಳೇನು?

ಬಲಗಡೆ ಓಡಿಸಿ. ನಮಗೆ ಎಡಗಡೆಯ ಅಭ್ಯಾಸ, ಊರಿನ ಮೂಲೆ ತಿರುಗುವಾಗ ತಪ್ಪುವುದು ಸುಲಭ. ಕತ್ತಲಾದ ಮೇಲೆ ಊರ ಹೊರಗೆ, ಮತ್ತು ಸುರಂಗದಲ್ಲಿ, ಹೊಳೆಯುವ ಜಾಕೆಟ್ ಇಟಲಿಯಲ್ಲಿ ಕಡ್ಡಾಯ. ದೊಡ್ಡವರಿಗೆ ಹೆಲ್ಮೆಟ್ ಕಡ್ಡಾಯ ಅಲ್ಲ, ಆದರೂ ಹಾಕಿ. ಹೊಲಗಳಿಗೆ ನೀರು ಒಯ್ಯುವ ಹಳೆ ಕಾಲುವೆಗಳ ಪಕ್ಕದ ಕಾಲುದಾರಿಗಳು ನಡೆಯುವವರಿಗೆ ಮೀಸಲು. ಅವು ಎಷ್ಟೇ ಚೆಂದ ಕಂಡರೂ ಸೈಕಲ್ ಇಳಿಸಬೇಡಿ. ತುರ್ತಿಗೆ 112.

ಇಷ್ಟು ದೂರ ಬಂದ ಮೇಲೆ ಸ್ಟೆಲ್ವಿಯೊ ಬೆಟ್ಟದ ರಸ್ತೆ ಹತ್ತಬೇಡವೇ?

ಅದು ಬೇರೆಯೇ ಪ್ರವಾಸ. 1825ರಲ್ಲಿ ತೆರೆದ ಆ ರಸ್ತೆ ಈ ಕಡೆಯಿಂದ 48 ತಿರುವು ಸುತ್ತಿ 2,757 ಮೀಟರ್‌ಗೆ ಹೋಗುತ್ತದೆ. ತಯಾರಿ ಇದ್ದವರು ಅದಕ್ಕೇ ಒಂದು ದಿನ ಇಡಲಿ. ಈ ಸುತ್ತಿನ ಜೊತೆ ತುರುಕಬೇಡಿ.

ನನ್ನ ಹತ್ತಿರ ಅರ್ಧ ದಿನ ಮಾತ್ರ ಇದೆ. ಏನು ಮಾಡಲಿ?

ಕೆರೆಗೆ ಹೋಗಬೇಡಿ. ಮಾಲ್ಸ್‌ನಲ್ಲಿ ಸಾಂಕ್ಟ್ ಬೆನೆಡಿಕ್ಟ್ ತೆರೆದಿದ್ದರೆ ನೋಡಿ, ಗ್ಲುರ್ನ್ಸ್‌ಗೆ ಇಳಿದು ಊರು ಸುತ್ತಿ, ಮ್ಯೂಸ್ಟೈರ್‌ಗೆ ಹತ್ತಿ. ಸಂಜೆ ಅದೇ ದಾರಿಯಲ್ಲಿ ಇಳಿಯಿರಿ, ಅಥವಾ ಅಲ್ಲಿಂದಲೇ ಜೆರ್ನೆಟ್ಸ್ ಬಸ್ ಹಿಡಿಯಿರಿ. ಬಸ್ ಹಿಡಿಯುವವರು ಬಾಡಿಗೆ ಸೈಕಲ್ ತರಬೇಡಿ, ಅದನ್ನು ವಾಪಸ್ ಕೊಡಲು ಮತ್ತೆ ಮಾಲ್ಸ್‌ಗೇ ಬರಬೇಕಾಗುತ್ತದೆ.